ಕಾನೂನು ಹೇಳೋಕೆ ಯಾವುದು ಸರಿ: ಒಂದು ನಿಮಿಷದ ರೀಲ್ಸಾ, ಉದ್ದದ ವಿಡಿಯೋನಾ, ಹಳ್ಳಿ ಜಗಲಿಯಾ?

ನಾನು ಹಾಸನದಲ್ಲಿ ವಕೀಲಿ ಮಾಡುತ್ತೇನೆ. ಜನರಿಗೆ ಕಾನೂನು ತಿಳಿಸಲು ಮೂರು ದಾರಿ ಹಿಡಿದು ನೋಡಿದ್ದೇನೆ. ಒಂದು ನಿಮಿಷದ ರೀಲ್ಸ್ ಮತ್ತು ಶಾರ್ಟ್ಸ್, ಯೂಟ್ಯೂಬಿನಲ್ಲಿ ಅರ್ಧ ಗಂಟೆಯ ವಿಡಿಯೋ, ಆಮೇಲೆ ಹಳ್ಳಿಗೇ ಹೋಗಿ ಎದುರು ಕೂತು ಮಾತಾಡೋದು. ಯಾವುದು ಒಳ್ಳೇದು ಅಂತ ಜೂನಿಯರ್‌ಗಳು ಕೇಳುತ್ತಾರೆ. ವಿಷಯ ಯಾವುದು ಅಂತ ಮೊದಲು ಹೇಳಿ ಅನ್ನುತ್ತೇನೆ. ಗಡುವು, ಫೋನ್ ನಂಬರ್, ಯಾವ ಕಚೇರಿಗೆ ಹೋಗಬೇಕು ಅನ್ನೋದಕ್ಕೆ ಒಂದು ನಿಮಿಷ ಸಾಕು. ‘ನನಗೆ ಹಕ್ಕಿದೆಯಾ’ ಅನ್ನೋ ಪ್ರಶ್ನೆಗೆ ಅದು ಸಾಲದು.

ಚೆಕ್ ಬೌನ್ಸ್ ತಗೊಳ್ಳಿ. ನಮ್ಮ ಕಡೆ ಶುಂಠಿ, ಆಲೂಗಡ್ಡೆ ಮಾರಿದ ರೈತರಿಗೆ ವ್ಯಾಪಾರಿ ಚೆಕ್ ಕೊಟ್ಟಿರುತ್ತಾನೆ. ಅದು ಬ್ಯಾಂಕಿನಿಂದ ವಾಪಸ್ ಬರುತ್ತದೆ. ‘ಮುಂದಿನ ವಾರ ಕೊಡ್ತೀನಿ ಗೌಡ್ರೇ’ ಅನ್ನೋ ಮಾತು ನಂಬಿ ಇವರು ಸುಮ್ನೆ ಕಾಯುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಚೆಕ್ ವಾಪಸ್ಸಾಗಿದೆ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ದುಡ್ಡು ಕೊಡಲು ಅವನಿಗೆ 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿಯೂ ಇಲ್ಲ. ಇಷ್ಟೂ ಒಂದು ನಿಮಿಷದಲ್ಲಿ ಹಿಡಿಸುತ್ತದೆ. ಇದೇ ವಿಷಯಕ್ಕೆ ಉದ್ದದ ವಿಡಿಯೋನೂ ಮಾಡಿದ್ದೇನೆ. ಚೆಕ್ ಬೌನ್ಸ್ ಅಪರಾಧ ಅನ್ನೋ ಸೆಕ್ಷನ್ 138, ತೀರ್ಪುಗಳು, ಎಲ್ಲ ಅದರಲ್ಲಿದೆ. ಅದನ್ನು ನೋಡಿದವರು ಜಾಸ್ತಿ ವಕೀಲರೇ. ರೈತರು ನೋಡಿದ್ದು ಚಿಕ್ಕದನ್ನು. ಇಲ್ಲಿ ಶಾರ್ಟ್ಸೇ ಗೆದ್ದಿತು, ಅನುಮಾನವಿಲ್ಲ.

ಹೆಣ್ಣುಮಕ್ಕಳ ಆಸ್ತಿ ಪಾಲಿಗೆ ಬಂದರೆ ಲೆಕ್ಕ ಉಲ್ಟಾ. ‘ಮಗಳಿಗೂ ಮಗನಷ್ಟೇ ಪಾಲು’ ಅಂತ ಹೇಳಲು ಹತ್ತು ಸೆಕೆಂಡ್ ಸಾಕು, ಆ ಮಾತು ಸುಳ್ಳೂ ಅಲ್ಲ. ಅಂಥದೊಂದು ರೀಲ್ಸನ್ನು ಚನ್ನರಾಯಪಟ್ಟಣದ ಕಡೆಯ ಒಂದು ಸ್ತ್ರೀಶಕ್ತಿ ಸಂಘದಲ್ಲಿ ತೋರಿಸಿ, ಏನು ಅರ್ಥವಾಯಿತು ಅಂತ ಕೇಳಿದೆ. ಅಪ್ಪ ದುಡಿದು ಕೊಂಡ ಸೈಟಿನಲ್ಲೂ ಪಾಲು ಕೇಳಬಹುದು ಅಂತ ಹಲವರು ಅಂದುಕೊಂಡಿದ್ದರು. ಹಾಗಲ್ಲ. ಸ್ವಯಾರ್ಜಿತ ಆಸ್ತಿಯನ್ನು ಅಪ್ಪ ಬದುಕಿರುವಾಗ ಯಾರಿಗೆ ಬೇಕಾದರೂ ಕೊಡಬಹುದು, ವಿಲ್ ಬರೆಯಬಹುದು. ಹುಟ್ಟಿನಿಂದಲೇ ಹಕ್ಕು ಬರೋದು ಪಿತ್ರಾರ್ಜಿತದಲ್ಲಿ. ಆ ಹಕ್ಕು ಕೊಟ್ಟ ತಿದ್ದುಪಡಿ ಜಾರಿಯಾದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ವಿಭಾಗ ಆಗಿಹೋಗಿದ್ದರೆ ಅದನ್ನು ಈಗ ಕೆದಕಲು ಬರುವುದಿಲ್ಲ. ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಅದು ಇನ್ನೊಂದು ಕಥೆ. ಇದು ಹಿಂದೂ ಕುಟುಂಬಗಳ ಕಾನೂನು, ಕ್ರೈಸ್ತರಿಗೂ ಮುಸ್ಲಿಮರಿಗೂ ಬೇರೆ ನಿಯಮ. ಪಹಣಿಯಲ್ಲಿ ಅಣ್ಣನ ಹೆಸರಿದ್ದ ಮಾತ್ರಕ್ಕೆ ಆಸ್ತಿ ಪೂರ್ತಿ ಅವನದೇ ಆಗೋದಿಲ್ಲ, ಅದನ್ನೂ ಬಿಡಿಸಿ ಹೇಳಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಯಾರೋ ಒಬ್ಬರು ಇಲ್ಲದ ಆಸೆಗೆ ತವರಿನ ಜೊತೆ ಜಗಳಕ್ಕಿಳಿಯುತ್ತಾರೆ. ಇನ್ಯಾರೋ ಇರುವ ಹಕ್ಕನ್ನೇ ಬಿಟ್ಟುಕೊಡುತ್ತಾರೆ. ಅದಕ್ಕೇ ಇದಕ್ಕೆ ಅರ್ಧ ಗಂಟೆಯ ವಿಡಿಯೋನೇ ಬೇಕು. ನೋಡುವವರು ಕಡಿಮೆ. ಆದರೆ ಪಾಲಿನ ಚಿಂತೆ ಇರುವವರು ಕೊನೆವರೆಗೂ ಕೂತು ನೋಡುತ್ತಾರೆ, ನಿಲ್ಲಿಸಿ ಬರೆದುಕೊಳ್ಳುತ್ತಾರೆ.

ಚಿಕ್ಕ ವಿಡಿಯೋಗೆ ಇನ್ನೊಂದು ತೊಡಕಿದೆ. ಅದು ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹೋಗುವಾಗ ಕೆಳಗೆ ಬರೆದದ್ದೆಲ್ಲ ಉದುರಿಹೋಗುತ್ತದೆ. ಯಾವ ವರ್ಷದ್ದು ಅಂತ ಯಾರಿಗೂ ಗೊತ್ತಾಗಲ್ಲ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯ ಸೆಕ್ಷನ್ 420 ಈಗ 318 ಆಗಿದೆ. ಹಳೇ ವಿಡಿಯೋಗಳು ಮಾತ್ರ ಇನ್ನೂ ಓಡಾಡುತ್ತಿವೆ. ಅದಕ್ಕೆ ತಿಂಗಳು, ವರ್ಷವನ್ನು ಮೊದಲ ಮಾತಲ್ಲೇ ಬಾಯಲ್ಲಿ ಹೇಳಿಬಿಡುತ್ತೇನೆ. ಓದಲು ಬಾರದವರಿಗೂ ಅದು ಕೇಳಿಸುತ್ತದೆ.

ವಕೀಲರಿಗೆ ಒಂದು ಮಾತು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ನಾವು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಕರೆಯುವಂತಿಲ್ಲ. ಹಾಗಾಗಿ ವಿಡಿಯೋ ಕೊನೆಯಲ್ಲಿ ನನ್ನ ನಂಬರ್ ಇರುವುದಿಲ್ಲ, 15100 ಇರುತ್ತದೆ. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದನ್ನು ಹೇಳಲು ಶಾರ್ಟ್ಸ್‌ಗಿಂತ ಒಳ್ಳೇದು ಬೇರೆ ಇಲ್ಲ.

2024ರ ಅಕ್ಟೋಬರ್‌ನಿಂದ ಶಾರ್ಟ್ಸ್ ಮೂರು ನಿಮಿಷದವರೆಗೂ ಇರಬಹುದು. ಎಫ್‌ಐಆರ್ ವಿಷಯಕ್ಕೆ ಈ ಅಳತೆ ಸರಿಯಾಗಿ ಕೂತಿತು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಪೊಲೀಸರು ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ. ಇದಿಷ್ಟನ್ನು ಅವಸರವಿಲ್ಲದೆ ಹೇಳಬಹುದು.

ಮನೆಯೊಳಗಿನ ಹೊಡೆತ ಬಡಿತಕ್ಕೆ ಮಾತ್ರ ಎರಡೂ ವಿಡಿಯೋ ಸಾಲವು. ಎಷ್ಟೋ ಮನೆಯಲ್ಲಿ ಇರೋದು ಒಂದೇ ಫೋನು, ಅದೂ ಗಂಡನ ಕೈಯಲ್ಲಿ. ಏನು ನೋಡಿದಳು ಅನ್ನೋದು ಅದರಲ್ಲಿ ಉಳಿಯುತ್ತದೆ. ಕಾಮೆಂಟ್ ಹಾಕಿದರೆ ನೆಂಟರೆಲ್ಲ ಓದುತ್ತಾರೆ. ಸಕಲೇಶಪುರದ ಕಡೆ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಮಾತಾಡಿದಾಗ ಸಭೆಯಲ್ಲಿ ಯಾರೂ ಬಾಯಿಬಿಡಲಿಲ್ಲ. ಎಲ್ಲರೂ ಎದ್ದ ಮೇಲೆ ಒಬ್ಬರು ಹತ್ತಿರ ಬಂದು, ‘ಮೇಡಂ, ಮನೆ ಅವರ ಹೆಸರಲ್ಲಿದೆ, ಹೊರಗೆ ಹಾಕಬಹುದಾ?’ ಅಂತ ಕೇಳಿದರು. ಹಾಗೆ ಹಾಕುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಟ್ಟಿದೆ. ಮಹಿಳಾ ಸಹಾಯವಾಣಿ 181ನ್ನು ಅಲ್ಲೇ ಬಾಯಿಪಾಠ ಮಾಡಿಸಿದೆ, ಚೀಟಿಯಲ್ಲಿ ಬರೆದುಕೊಡಲಿಲ್ಲ. ನೀವೂ ಹೋಗುವುದಾದರೆ ಸಂತೆಯ ದಿನ ಬೇಡ, ಅವತ್ತು ಲೈನಿನಲ್ಲಿ ಯಾರೂ ಸಿಗುವುದಿಲ್ಲ. ಸಭೆ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.