ಬೋಧಿ ಝೆಂಡೊ, ಪೆರುಮಾಳ್‌ಮಲೈ: ಪಾದ್ರಿ ಕಟ್ಟಿದ ಝೆನ್ ಮನೆ

ಕೊಡೈಕನಾಲ್ ಹತ್ತಿರದ ಈ ಝೆನ್ (ಜಪಾನಿನ ಬೌದ್ಧ ಧ್ಯಾನ ಪದ್ಧತಿ) ಕೇಂದ್ರವನ್ನು 1996ರಲ್ಲಿ ಶುರುಮಾಡಿದವರು ಎ.ಎಂ.ಎ. ಸಾಮಿ. ಕ್ಯಾಥೊಲಿಕರ ಜೆಸ್ವಿಟ್ ಸಂಘದ ಪಾದ್ರಿ, ಜಪಾನಿನ ಕಾಮಾಕುರದಲ್ಲಿ ಯಮದಾ ಕೋಉನ್ ಅವರ ಬಳಿ ಕಲಿತ ಝೆನ್ ಗುರು. ಹಾಗಾಗಿ ಇಲ್ಲಿ ಧ್ಯಾನಕ್ಕೆ ಕೂರಲು ಯಾರೂ ಮತ ಬದಲಿಸಬೇಕಿಲ್ಲ. ಬಯಲಿನ ವಚನ ಓದಿದವರಿಗಂತೂ ಝೆನ್ ಹೇಳುವ ಶೂನ್ಯದ ಮಾತು ಹೊಸದೂ ಅಲ್ಲ.

ನಿಜವಾದ ತಕರಾರು ಬರುವುದು ಮಂಡಿಯಿಂದ. ದಿಂಬಿನ ಮುಂದಿನ ಮೂರನೇ ಒಂದು ಭಾಗದಲ್ಲಷ್ಟೇ ಕೂರಿ, ಎರಡೂ ಮಂಡಿ ಚಾಪೆಗೆ ತಾಗಲಿ. ಮಂಡಿ ಮೇಲೆದ್ದರೆ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಸ್ವಲ್ಪ ಹೊತ್ತಿಗೇ ನೋವು. ಅಂಥವರು ಇನ್ನೊಂದು ದಿಂಬು ಸೇರಿಸಿ, ಇಲ್ಲವೇ ಕುರ್ಚಿ ಕೇಳಿ, ಸಂಕೋಚ ಬೇಡ. ಕಣ್ಣು ಅರೆತೆರೆದಿರಲಿ, ಪೂರ್ತಿ ಮುಚ್ಚಿದರೆ ತೂಕಡಿಕೆ ಗ್ಯಾರಂಟಿ. ಉಸಿರನ್ನು 1ರಿಂದ 10ರವರೆಗೆ ಎಣಿಸಿ, ತಪ್ಪಿದರೆ ಮತ್ತೆ 1.

ಸಾವಿನ ಬಗ್ಗೆ ಸಾಂತ್ವನದ ಉಪನ್ಯಾಸ ಬಯಸುವವರಿಗೆ ಈ ಜಾಗ ರುಚಿಸದು. ಮೌನವೇ ಹೆಚ್ಚು. ಸ್ವೆಟರ್ ಮರೆಯಬೇಡಿ, ಬೆಟ್ಟದ ಬೆಳಗಿನ ಚಳಿ ಕೊರೆಯುತ್ತದೆ.