ಕನ್ನಡ ಸ್ಟ್ರಿಂಗ್‌ಗಳ ವಿಷಯದಲ್ಲಿ ಜಾವಾ, ಗೋ ಮತ್ತು ಪೈಥಾನ್: ಮೂರು ಸಲ ಬರೆದ ಒಂದೇ ಪ್ರೋಗ್ರಾಮು

ನಮ್ಮೂರಿನ ಸಣ್ಣ ಗ್ರಂಥಾಲಯಕ್ಕೆ ಪುಸ್ತಕಪಟ್ಟಿಯನ್ನು ನೋಡಿಕೊಂಡು ಎರವಲು ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ನಾನು ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೂರು ಸಲ ಬರೆದಿದ್ದೇನೆ: ಮೊದಲು ಜಾವಾದಲ್ಲಿ, ಆಮೇಲೆ ಗೋದಲ್ಲಿ, ಕೊನೆಗೆ ಪೈಥಾನ್ 3ರಲ್ಲಿ. ಇವತ್ತು ಅಲ್ಲಿ ಓಡುತ್ತಿರುವುದು ಪೈಥಾನಿನದು. ನನ್ನ ಒಲವೂ ಅದರ ಕಡೆಗೇ ಎಂಬುದನ್ನು ಮರೆಮಾಚುವುದಿಲ್ಲ. ಯಾವ ಭಾಷೆ ಎಷ್ಟು ವೇಗ ಎಂಬ ಮಾತು ಇಲ್ಲಿ ಬೇಡ. ಸೋರ್ಸ್ ಕೋಡಿನಲ್ಲಿ (ನಾವು ಬರೆಯುವ ಪ್ರೋಗ್ರಾಮಿನಲ್ಲಿ) ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ, ಬರೆದ ಕನ್ನಡವು ಕಾಗದದ ಮೇಲೂ ಕನ್ನಡವಾಗಿಯೇ ಬರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಜಾವಾದಲ್ಲಿ ಬರಲಿಲ್ಲ. ಚೀಟಿಯ ತಲೆಬರಹ ಮುಂತಾದ ಪದಗಳನ್ನೆಲ್ಲ ಪ್ರೋಗ್ರಾಮು ಓದಿಕೊಳ್ಳುವ ಪ್ರಾಪರ್ಟೀಸ್ ಫೈಲಿನಲ್ಲಿ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ (ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಪದ್ಧತಿಯಲ್ಲಿ) ಉಳಿಸಿದ್ದೆ. ಮೊದಲ ಚೀಟಿಯಲ್ಲಿ ಅಕ್ಷರಗಳ ಬದಲು ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಅದರ ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇವೇ ಸಾಲುಸಾಲಾಗಿ ಬಂದವು. ಇದರ ಕಾರಣ ಸರಳವಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ (ಅಕ್ಷರ ಒಂದು ಸಂಕೇತ, ಅದಕ್ಕೆ ಸೇರುವ ಚಿಹ್ನೆ ಇನ್ನೊಂದು) ಮೂರು ಬೈಟ್, ಅಂದರೆ 0ರಿಂದ 255ರೊಳಗಿನ ಮೂರು ಸಂಖ್ಯೆ, ಹಿಡಿಯುತ್ತದೆ. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಜಾವಾ 8 ಪ್ರಾಪರ್ಟೀಸ್ ಫೈಲನ್ನು ಲ್ಯಾಟಿನ್-1 (ಒಂದು ಬೈಟಿಗೆ ಒಂದು ಅಕ್ಷರವೆನ್ನುವ ಹಳೆಯ ಎನ್‌ಕೋಡಿಂಗ್) ಎಂದು ಓದುತ್ತದೆ, ಅಲ್ಲಿ ಈ ಮೂರು ಸಂಖ್ಯೆಗಳಿಗಿರುವ ರೂಪಗಳೇ ಆ ಎ, ಆ 2 ಮತ್ತು ಆ 3.

ಅದಕ್ಕೆ ಆಗ ಇದ್ದ ಮದ್ದು ಪ್ರತಿ ಸಂಕೇತವನ್ನೂ ಎಸ್ಕೇಪ್ ರೂಪದಲ್ಲಿ, ಅಂದರೆ ಅದರ ಯೂನಿಕೋಡ್ ಸಂಖ್ಯೆಯಾಗಿ, ಬರೆಯುವುದು. 'ಗ್ರಂಥಾಲಯ' ಎಂಬ ಎಂಟು ಸಂಕೇತಗಳ ಪದ 48 ರೋಮನ್ ಅಕ್ಷರ, ಅಂಕಿ, ಓರೆಗೆರೆಗಳ ಮಾಲೆಯಾಗುತ್ತದೆ. ಕಂಪ್ಯೂಟರಿಗೆ ಅದರಿಂದ ತೊಂದರೆಯಿಲ್ಲ, ಆದರೆ ಅದರೊಳಗಿನ ಕಾಗುಣಿತದ ತಪ್ಪನ್ನು ಕಣ್ಣಿನಿಂದ ಹಿಡಿಯಲು ನನ್ನಿಂದಾಗಲಿಲ್ಲ. 2017ರಲ್ಲಿ ಬಂದ ಜಾವಾ 9ರಿಂದ ಇಂಥ ಫೈಲುಗಳ ರಿಸೋರ್ಸ್ ಬಂಡಲ್‌ಗಳು ಯುಟಿಎಫ್-8 ಆಗಿಯೇ ಓದಲ್ಪಡುತ್ತವೆ, 2022ರ ಜಾವಾ 18ರಲ್ಲಿ ಪೂರ್ವನಿಯೋಜಿತ ಎನ್‌ಕೋಡಿಂಗೇ ಯುಟಿಎಫ್-8 ಆಯಿತು. ಗ್ರಂಥಾಲಯದ ಯಂತ್ರ ಯಾರೋ ದಾನವಾಗಿ ಕೊಟ್ಟದ್ದು. ವಿಂಡೋಸ್ 7 ಮತ್ತು ಜಾವಾ 8ರ ಆಚೆಗೆ ಅದು ಹೋಗಿರಲಿಲ್ಲ.

ಗೋ ಭಾಷೆಯ ಮೇಲೆ ನನಗೆ ಹೆಚ್ಚಿನ ಭರವಸೆಯಿತ್ತು. 1992ರಲ್ಲಿ ಯುಟಿಎಫ್-8ನ್ನು ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಗೋ ಭಾಷೆಯ ಜನಕರಲ್ಲೂ ಇದ್ದಾರೆ, ಸೋರ್ಸ್ ಫೈಲು ಯುಟಿಎಫ್-8ರಲ್ಲೇ ಇರಬೇಕೆಂಬುದು ಆ ಭಾಷೆಯ ನಿಯಮವೇ ಆಗಿದೆ. ಸ್ಟ್ರಿಂಗ್‌ಗಳು ನಿರೀಕ್ಷಿಸಿದಂತೆಯೇ ಸರಿಯಾಗಿ ಬಂದವು. ಆದರೆ 'ಬೆಲೆ' ಎಂಬ ವೇರಿಯಬಲ್ಲನ್ನು (ಮೌಲ್ಯವೊಂದಕ್ಕೆ ಇಟ್ಟ ಹೆಸರನ್ನು) ಕಂಪೈಲರ್, ಅಂದರೆ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮು, ತಿರಸ್ಕರಿಸಿ 'ದರ' ಎಂಬುದನ್ನು ಒಪ್ಪಿಕೊಂಡಿತು! ಗೋದಲ್ಲಿ ಹೆಸರಿನೊಳಗೆ ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಅವಕಾಶವಿದ್ದು, ಎತ್ವ, ಕೊಂಬು, ಅರ್ಧಾಕ್ಷರ ಮಾಡುವ ವಿರಾಮದಂಥ ಚಿಹ್ನೆಗಳು ಅಕ್ಷರಗಳ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ 'ಪುಸ್ತಕ', 'ಸದಸ್ಯ' ಎರಡೂ ಹೊರಗುಳಿದವು. ಇನ್ನೊಂದೆಡೆ, ಪುಸ್ತಕದ ಹೆಸರನ್ನು 30 ಬೈಟ್‌ಗೆ ಕತ್ತರಿಸುವಂತೆ ಬರೆದಿದ್ದೆ. ಒಂದೇ ಪದದ ಹೆಸರುಗಳು ಉಳಿದುಕೊಂಡವು, ನಡುವೆ ಒಂದು ಖಾಲಿ ಜಾಗ ಬಂದಲ್ಲೆಲ್ಲ ಮೂರರ ಲೆಕ್ಕ ತಪ್ಪಿ ಕೊನೆಯ ಅಕ್ಷರ ಅರ್ಧಕ್ಕೆ ತುಂಡಾಯಿತು. ಇದು ನನ್ನ ತಪ್ಪೇ.

ಪೈಥಾನ್ 3ರಲ್ಲಿ ಸೋರ್ಸ್ ಫೈಲು ಬೇರೆ ಘೋಷಣೆಯಿಲ್ಲದಿದ್ದರೆ ಯುಟಿಎಫ್-8 ಎಂದೇ ಲೆಕ್ಕ. 'ಬೆಲೆ', 'ಪುಸ್ತಕ', 'ಸದಸ್ಯ' ಮೂರೂ ನಡೆದವು. ವಿಂಡೋಸಿನಲ್ಲಿ ಫೈಲು ತೆರೆಯುವಾಗ ಮಾತ್ರ ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳಬೇಕು.

ಇಷ್ಟರಲ್ಲಿ ಮುಗಿಯಿತೆಂದುಕೊಂಡಾಗ 'ಕೋಟೆ' ಸಿಗಲಿಲ್ಲ. ಆ ಪದವಿರುವ ಶೀರ್ಷಿಕೆ ಪಟ್ಟಿಯಲ್ಲಿ ಕಣ್ಣೆದುರಿಗೇ ಇತ್ತು, ಹುಡುಕಿದರೆ ಇಲ್ಲವೆಂಬ ಉತ್ತರ. ಫಾಂಟನ್ನು ಅನುಮಾನಿಸಿದೆ, ಕೊನೆಯಲ್ಲಿ ಕಾಣದ ಖಾಲಿ ಜಾಗವಿದೆಯೇ ಎಂದು ನೋಡಿದೆ. ಕೊನೆಗೆ ಉದ್ದ ಅಳೆದಾಗ ನಾನು ಟೈಪಿಸಿದ 'ಕೋಟೆ'ಗೆ 4, ಪಟ್ಟಿಯಲ್ಲಿದ್ದ 'ಕೋಟೆ'ಗೆ 6 ಬಂತು. ಆ ಪಟ್ಟಿ ಯೂನಿಕೋಡಿಗೂ ಮೊದಲಿನ ಫಾಂಟಿನಲ್ಲಿ ಟೈಪಾಗಿ, ಪರಿವರ್ತಕವೊಂದರ ಮೂಲಕ ಹಾದುಬಂದಿತ್ತು. ಹಳೆಯ ಫಾಂಟಿನಲ್ಲಿ 'ಕೋ' ಬಿಡಿ ತುಣುಕುಗಳ ಜೋಡಣೆಯಾಗಿದ್ದರಿಂದ, ಪರಿವರ್ತಕವೂ ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಮೂರನ್ನು ಬಿಡಿಬಿಡಿಯಾಗಿ ಬರೆದಿಟ್ಟಿತ್ತು. ನಾನು ಟೈಪಿಸಿದ್ದರಲ್ಲಿ ಆ ಮೂರರ ಜಾಗದಲ್ಲಿ ಒಂದೇ ಸಂಕೇತವಿತ್ತು. ಯೂನಿಕೋಡಿನ ಪ್ರಕಾರ ಇವೆರಡೂ ಸಮಾನ, ತೆರೆಯ ಮೇಲೂ ವ್ಯತ್ಯಾಸವಿಲ್ಲ. ಸ್ಟ್ರಿಂಗ್‌ಗಳಾಗಿ ಹೋಲಿಸಿದರೆ ಮಾತ್ರ ಬೇರೆ ಬೇರೆ.

ಉದ್ದ ಅಳೆಯುವ ಬುದ್ಧಿ ಬರುವ ಮೊದಲು ಒಂದಿಡೀ ಸಂಜೆ ನನ್ನನ್ನು ದಾರಿ ತಪ್ಪಿಸಿದ್ದು ನನ್ನ ಮೆಚ್ಚಿನ ಪೈಥಾನೇ. ಪಟ್ಟಿಯಿಂದ 'ಕೋಟೆ'ಯನ್ನು ನಕಲಿಸಿ ವೇರಿಯಬಲ್ ಹೆಸರಾಗಿಟ್ಟು, ಅದಕ್ಕೆ 1 ಎಂಬ ಬೆಲೆ ಕೊಟ್ಟು, ನಾನೇ ಟೈಪಿಸಿದ 'ಕೋಟೆ'ಯಿಂದ ಓದಿದಾಗ 1 ಎಂದೇ ಬಂತು. ಅಕ್ಷರಗಳಲ್ಲಿ ವ್ಯತ್ಯಾಸವಿಲ್ಲವೆಂದು ತೀರ್ಮಾನಿಸಿಬಿಟ್ಟೆ. ಪೈಥಾನ್ ವೇರಿಯಬಲ್ ಹೆಸರುಗಳನ್ನು ತಾನಾಗಿಯೇ ಒಂದೇ ರೂಪಕ್ಕೆ ತರುತ್ತದೆ, ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಮುಟ್ಟುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಪರಿಹಾರ ಒಂದೇ ಸಾಲಿನದು: ಪಟ್ಟಿಯಿಂದ ಬರುವ ಮತ್ತು ಕೀಲಿಮಣೆಯಿಂದ ಬರುವ ಪ್ರತಿ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ತುಣುಕುಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ) ತಂದೇ ಒಳಗೆ ಬಿಡುವುದು. ಪೈಥಾನ್ ಮತ್ತು ಜಾವಾಗಳಲ್ಲಿ ಇದಕ್ಕೆ ಬೇಕಾದ ಸಾಧನ ಭಾಷೆಯ ಜೊತೆಗೇ ಬರುತ್ತದೆ; ಗೋದಲ್ಲಿ ಹೊರಗಿನ ಪ್ಯಾಕೇಜೊಂದನ್ನು ತರಿಸಿಕೊಳ್ಳಬೇಕು.

ಎಣಿಕೆಯಲ್ಲಿ ಮೂರೂ ಸೋಲುತ್ತವೆ. 'ಕನ್ನಡ' ಎಂಬ ಪದಕ್ಕೆ ಗೋ ಬೈಟ್ ಎಣಿಸಿ 15 ಎನ್ನುತ್ತದೆ, ಜಾವಾ ಮತ್ತು ಪೈಥಾನ್ ಸಂಕೇತ ಎಣಿಸಿ 5 ಎನ್ನುತ್ತವೆ, ಓದುವವನಿಗೆ ಅದು 3. ಒತ್ತಕ್ಷರವನ್ನು ಒಡೆಯದೆ ಒಂದೇ ಎಂದು ಎಣಿಸುವ ನಿಯಮವು 2023ರ ಯೂನಿಕೋಡ್ 15.1ರಲ್ಲಿ ದೇವನಾಗರಿ, ತೆಲುಗು ಮೊದಲಾದ ಲಿಪಿಗಳಿಗೆ ಸಿಕ್ಕಿತು, ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕದ್ದು ನಮಗೇಕಿಲ್ಲ ಎಂದು ಸ್ವಲ್ಪ ಬೇಸರವಾಯಿತು.

ನಾನು ಕೋಡ್ ಬರೆಯುವುದು ರಾತ್ರಿ ಊಟದ ನಂತರದ ಒಂದು ಗಂಟೆ ಮಾತ್ರ, ಹೆಸರುಗಳನ್ನು ಕನ್ನಡದಲ್ಲೇ ಇಡುವ ಅಭ್ಯಾಸ ಬಿಡಲಾಗುವುದಿಲ್ಲ, ಹೊಸ ಯಂತ್ರ ಕೊಳ್ಳಲು ಗ್ರಂಥಾಲಯದ ಬಳಿ ಹಣವಿಲ್ಲ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8 ಆಗಿರುವುದರಿಂದ ಅಲ್ಲಿಗೇ ನಿಂತಿದ್ದೇನೆ, ಮತ್ತು ನನ್ನ ಕೆಲಸಕ್ಕೆ ಅದು ಸಾಕು. ರೋಮನ್ ಲಿಪಿಯಲ್ಲೇ ಹೆಸರಿಡುವವರಿಗೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಓಡಿಸಬೇಕೆನ್ನುವವರಿಗೆ ಗೋ ಹೊಂದುತ್ತದೆ. ಜಾವಾದಲ್ಲೇ ಮಾಡಬೇಕಿದ್ದರೆ 18ನೆಯ ಆವೃತ್ತಿ ಅಥವಾ ಅದರ ನಂತರದ್ದು ನಡೆಯುವ ಯಂತ್ರವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.