ತೀರಿಸಿದ ಸಾಲಕ್ಕೆ ಮತ್ತೆ ವಸೂಲಿ: ಸಂಘದ ಸಾಲ ಇರುವವರು ಕಾರ್ಡನ್ನು ಕೈಬಿಡಬೇಡಿ

ವಾರದ ಕಂತಿನ ಸಂಘದ ಸಾಲ ಪಡೆದಿರುವವರು ಅವಧಿಗೆ ಮೊದಲೇ ಅದನ್ನು ತೀರಿಸಲು ಹೊರಟಿದ್ದರೆ, ಹಣ ಎಣಿಸಿ ಕೊಡುವ ಮುನ್ನ ಇದನ್ನೊಮ್ಮೆ ಓದಿ. ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಚಿಕ್ಕಮ್ಮನನ್ನು, ಅವರು ತೀರಿಸಿದ್ದ ಸಾಲವನ್ನೇ ಮತ್ತೆ ಕಟ್ಟುವಂತೆ ಕಿರುಸಾಲ ಸಂಸ್ಥೆಯೊಂದು ತಿಂಗಳುಗಟ್ಟಲೆ ಪೀಡಿಸಿತು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಅದೇ ಊರಿಗೆ ವಸೂಲಿಗೆ ಬರುವ ಬೇರೆ ಸಂಸ್ಥೆಗಳ ರೀತಿಯೂ ಹೆಚ್ಚುಕಡಿಮೆ ಹೀಗೆಯೇ ಇರುವಾಗ, ಒಂದರ ಹೆಸರು ತಿಳಿದುಕೊಂಡು ಉಳಿದವನ್ನು ನಂಬಿದರೆ ಪ್ರಯೋಜನವಿಲ್ಲ.

ಚಿಕ್ಕಮ್ಮ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಇನ್ನೊಂದು ಹಸು ಕೊಳ್ಳಲೆಂದು 50,000 ರೂಪಾಯಿ ಸಾಲ ಮಾಡಿದರು. ವಾರಕ್ಕೆ 600 ರೂಪಾಯಿಯಂತೆ 104 ಕಂತು. ‘ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಬಡ್ಡಿ’ ಎಂದು ಫೀಲ್ಡ್ ಆಫೀಸರ್ ಹೇಳಿದ್ದರು. ಕೇಳುವವರಿಗೆ ಅದು ವರ್ಷಕ್ಕೆ ಶೇ 12 ಎನಿಸುತ್ತದೆ. ಆದರೆ ಅಸಲು ವಾರವಾರವೂ ಇಳಿಯುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಹಿಡಿದಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 23ರ ಹತ್ತಿರ ಬರುತ್ತದೆ; ಸಂಸ್ಕರಣಾ ಶುಲ್ಕ, ವಿಮೆ ಎಂದೆಲ್ಲ ಮುರಿದುಕೊಂಡು ಕೈಗೆ ಕೊಟ್ಟದ್ದು 48,000 ಎಂಬುದನ್ನು ಸೇರಿಸಿದರೆ ಶೇ 27. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊಸ ನಿಯಮಗಳನ್ನು ತಂದಾಗ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಅದರ ಬದಲಿಗೆ, ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು ವಿಧಿಸಿತು. ವಿಪರೀತ ಬಡ್ಡಿಯ ಕಾರಣಕ್ಕೆ 2024ರ ಅಕ್ಟೋಬರ್‌ನಲ್ಲಿ ನಾಲ್ಕು ಹಣಕಾಸು ಕಂಪನಿಗಳು ಹೊಸ ಸಾಲ ಕೊಡದಂತೆ ಅದು ತಡೆದದ್ದೂ ಉಂಟು. ಚಿಕ್ಕಮ್ಮನ ಕಡತದಲ್ಲೂ ದರ ಬರೆದ ಅಂಥದೊಂದು ಹಾಳೆ ಇತ್ತು. ಅದು ಇಂಗ್ಲಿಷಿನಲ್ಲಿತ್ತು, ಅದರ ಕೆಳಗೆ ಅವರ ಸಹಿಯೂ ಇತ್ತು.

ಒಂದು ವರ್ಷ ಕಂತು ತಪ್ಪಲಿಲ್ಲ. ಕಬ್ಬಿನ ಹಣ ಬಂದಾಗ ಉಳಿದದ್ದನ್ನು ಒಟ್ಟಿಗೆ ಕಟ್ಟಿ ಮುಗಿಸಿಬಿಡೋಣವೆಂದು ನಿರ್ಧರಿಸಿದರು. ಕಿರುಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ, ಆ ಮಾತನ್ನು ಆಫೀಸರ್ ಸರಿಯಾಗಿಯೇ ಹೇಳಿದ್ದರು. ಬಾಕಿ ಅಸಲು 28,000 ರೂಪಾಯಿಯ ಹತ್ತಿರ ಇತ್ತು. ಗುಂಪಿನವರು ಸೇರಿ ಕಂತು ಕಟ್ಟುವ ಸೆಂಟರ್ ಮೀಟಿಂಗ್ ನಡೆಯುವ ಜಗಲಿಯ ಮೇಲೆ, ಗುಂಪಿನ ಹೆಂಗಸರ ಎದುರಿಗೇ, ಚಿಕ್ಕಮ್ಮ ನೋಟುಗಳನ್ನು ಎಣಿಸಿ ಕೊಟ್ಟರು. ಆಫೀಸರ್ ಅದನ್ನು ಬ್ಯಾಗಿಗೆ ಹಾಕಿಕೊಂಡು, ಡೈರಿಯ ಹಾಳೆಯೊಂದನ್ನು ಹರಿದು ‘ಪೂರ್ತಿ ಪಾವತಿ’ ಎಂದು ಬರೆದು ಸಹಿ ಹಾಕಿಕೊಟ್ಟರು. ಕಂತು ಕಟ್ಟಿದ್ದನ್ನು ನಮೂದಿಸುವ ಸಾಲದ ಕಾರ್ಡಿನಲ್ಲಿ ಬ್ರಾಂಚಿನವರೇ ಮೊಹರು ಹಾಕಬೇಕೆಂದು ಹೇಳಿ ಕಾರ್ಡನ್ನೂ ತೆಗೆದುಕೊಂಡು ಹೋದರು. ಆಮೇಲೂ ಉಳಿದವರ ವಸೂಲಿಗೆ ಕೆಲವು ವಾರ ಬಂದರು. ಕಾರ್ಡು ಕೇಳಿದಾಗಲೆಲ್ಲ ‘ಮುಂದಿನ ವಾರ’ ಎಂದರು. ಕೊನೆಗೆ ಬರುವುದನ್ನೇ ನಿಲ್ಲಿಸಿದರು.

ಅವರ ಜಾಗಕ್ಕೆ ಬಂದ ಹೊಸ ಹುಡುಗನ ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರಿನ ಎದುರು ಕಂತುಗಳು ಬಾಕಿ ಬಿದ್ದಿದ್ದವು. ಹಣ ಕಟ್ಟಿದ್ದೇನೆಂದು ಅವರು ಹೇಳಿದ್ದಕ್ಕೆ ಆತ ಜಗಳವಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಗುಂಪಿನ ಉಳಿದವರ ಕಂತನ್ನು ಪಡೆಯದೆ, ಎಲ್ಲರೂ ಸೇರಿ ಈಕೆಯ ಬಾಕಿಯನ್ನು ಹೊಂದಿಸಿಕೊಡುವವರೆಗೂ ಮೀಟಿಂಗ್ ಮುಗಿಯುವುದಿಲ್ಲವೆಂದು ಅಲ್ಲೇ ಕುಳಿತ. ಮಧ್ಯಾಹ್ನ ಕಳೆದು, ಹಾಲು ಕರೆಯುವ ಹೊತ್ತಾಗಿ, ದೀಪ ಹಚ್ಚಿದ ಮೇಲೆ ಗುಂಪಿನ ಲೀಡರ್, ಚಿಕ್ಕಮ್ಮನ ಜೊತೆ ಇಪ್ಪತ್ತು ವರ್ಷ ಗದ್ದೆ ಕೆಲಸ ಮಾಡಿದವರು, ಮನೆ ಬಾಗಿಲಿಗೆ ಬಂದು ‘ನಿನ್ ದುಡ್ಡು ಬರೋಗಂಟ ನಮ್ನೂ ಬುಡಾಕಿಲ್ವಂತೆ ಕಣಕ್ಕ, ಏನಾರ ಮಾಡು’ ಎಂದು ಕೈಮುಗಿದರಂತೆ. ಚಿಕ್ಕಮ್ಮ ಡೇರಿ ಹಣದಲ್ಲಿ 600 ರೂಪಾಯಿ ಕೊಟ್ಟು ಕಳಿಸಿದರು. ಮುಂದಿನ ವಾರಗಳಲ್ಲೂ ಇದೇ ನಡೆಯಿತು. ತಾನು ಕಟ್ಟಿಲ್ಲವೇನೋ ಎಂದು ಊರವರಿಗೆ ಅನುಮಾನ ಬಂದದ್ದು ಅವರಿಗೆ ಹಣಕ್ಕಿಂತ ಹೆಚ್ಚು ನೋವು ಕೊಟ್ಟಿತು. ಎಣಿಸಿ ಕೊಟ್ಟದ್ದನ್ನು ಕಣ್ಣಾರೆ ಕಂಡವರೇ ‘ನಮಗೆ ಸರಿಯಾಗಿ ನೆನಪಿಲ್ಲ’ ಎನ್ನತೊಡಗಿದ್ದರು.

ಗುಂಪು ಹೊಣೆಯ ಬಗ್ಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಅಡವಿಡಲು ಏನೂ ಇಲ್ಲದ ಬಡ ಹೆಂಗಸರಿಗೆ ಒಬ್ಬರ ಮಾತಿಗೆ ಇನ್ನೊಬ್ಬರು ನಿಂತು ಸಾಲ ಸಿಗಲಿ ಎಂಬ ಆಶಯದಿಂದ ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಎಪ್ಪತ್ತರ ದಶಕದಲ್ಲಿ ಆರಂಭಿಸಿದ ಪ್ರಯೋಗವು ಗುಂಪಿನ ಈ ಪದ್ಧತಿಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಆ ಆಶಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಂಸ್ಥೆಯ ನೌಕರನೇ ಹಣ ನುಂಗಿದಾಗಲೂ ಅದನ್ನು ತುಂಬುವ ಹೊಣೆ ಗುಂಪಿನದೇ ಆಗಿ, ಸಂಸ್ಥೆಗೆ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸಿಕೊಳ್ಳುವ ಅಗತ್ಯವೂ ಬೀಳದಿದ್ದರೆ, ಅಲ್ಲಿ ಜಾಮೀನು ಕೊಟ್ಟವರು ಯಾರು, ಪಡೆದವರು ಯಾರು ಎಂದು ಕೇಳಬೇಕಾಗುತ್ತದೆ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲ ಪಡೆದವರ ಆತ್ಮಹತ್ಯೆಗಳ ಸುದ್ದಿ ಬಂದು ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿದಾಗಲೂ, ಮರುವರ್ಷ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಮಾಲೇಗಾಂ ಸಮಿತಿ ವರದಿ ಕೊಟ್ಟಾಗಲೂ ಬಲವಂತದ ವಸೂಲಿ ಚರ್ಚೆಗೆ ಬಂದಿತ್ತು.

ನಾನು ಚಿಕ್ಕಮ್ಮನನ್ನು ಕರೆದುಕೊಂಡು ಬ್ರಾಂಚಿಗೆ ಹೋದೆ. ಮ್ಯಾನೇಜರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬರೆದುಕೊಟ್ಟವನು ಕೆಲಸ ಬಿಟ್ಟು ಹೋಗಿದ್ದಾನೆ, ಇದು ಕಂಪನಿಯ ರಸೀದಿಯಲ್ಲ, ಅದು ನಿಮ್ಮಿಬ್ಬರ ನಡುವಿನ ವ್ಯವಹಾರ ಎಂದರು. ಈ ಉತ್ತರವನ್ನು ಕೇಳಿ ಅನೇಕರು ಅಲ್ಲಿಂದಲೇ ವಾಪಸಾಗುತ್ತಾರೆ. ವಾಪಸಾಗಬೇಡಿ. ಸಿಬ್ಬಂದಿಯ ಅನುಚಿತ ನಡವಳಿಕೆಗೆ, ಅವರು ಹೊರಗುತ್ತಿಗೆಯವರಾಗಿದ್ದರೂ, ಸಂಸ್ಥೆಯೇ ಹೊಣೆ ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಸಂಸ್ಥೆ ಅದನ್ನು ಸಾಲದ ಕರಾರಿನಲ್ಲೂ ಕಚೇರಿಯ ಗೋಡೆಯ ಮೇಲೂ ಬರೆದಿರಬೇಕು. ಅಲ್ಲೂ ಫಲಕ ಇತ್ತು. ಮ್ಯಾನೇಜರ್ ಕುರ್ಚಿಯ ಹಿಂದೆ ಕ್ಯಾಲೆಂಡರಿನ ಪಕ್ಕದಲ್ಲೇ ಇದ್ದ ಅದನ್ನು ನಾನು ಗಟ್ಟಿಯಾಗಿ ಓದಿದ ಮೇಲೆ, ಅರ್ಜಿ ಕೊಟ್ಟು ಹೋಗಿ ಎಂದರು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಿ ಕಾಡುವುದು, ಬೈಯುವುದು, ನಂಟರನ್ನು ಸ್ನೇಹಿತರನ್ನು ಪೀಡಿಸುವುದು, ಬಾಕಿದಾರರ ಹೆಸರನ್ನು ಬಹಿರಂಗಪಡಿಸುವುದು, ಇವೆಲ್ಲವೂ ಅದೇ ನಿಯಮಗಳಲ್ಲಿ ನಿಷಿದ್ಧ. ಕಂತು ಕಟ್ಟಿದ ಪ್ರತಿ ಸಲವೂ, ಕೊನೆಯಲ್ಲಿ ಸಾಲ ತೀರಿದಾಗಲೂ, ಅದನ್ನು ಸಾಲದ ಕಾರ್ಡಿನಲ್ಲಿಯೇ ನಮೂದಿಸಿಕೊಡುವುದು ಸಂಸ್ಥೆಯ ಕರ್ತವ್ಯ.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು, ಚೀಟಿಯ ಪ್ರತಿ ಲಗತ್ತಿಸಿ, ಬ್ರಾಂಚಿನಲ್ಲಿ ಸ್ವೀಕೃತಿ ಪಡೆದೆವು. ಸಂಸ್ಥೆಯ ದೂರು ಅಧಿಕಾರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಆಮೇಲೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಂದ ಪತ್ರ ಹೋದ ಮೇಲೆ ಸಂಸ್ಥೆಯವರು ಎಚ್ಚೆತ್ತು, ಆ ನೌಕರ ಬೇರೆ ಊರುಗಳಲ್ಲೂ ಹೀಗೆಯೇ ಮಾಡಿದ್ದನೆಂದು ಒಪ್ಪಿಕೊಂಡು ಸಾಲವನ್ನು ಮುಕ್ತಾಯಗೊಳಿಸಿದರು, ಹೆಚ್ಚುವರಿಯಾಗಿ ಪಡೆದ ಕಂತುಗಳನ್ನು ಖಾತೆಗೆ ಹಿಂದಿರುಗಿಸಿದರು. ಗುಂಪಿನ ಎದುರು ಒಂದು ಮಾತು ಹೇಳಿ ಎಂದು ಕೇಳಿದ್ದಕ್ಕೆ ಮಾತ್ರ ಯಾರೂ ಬರಲಿಲ್ಲ.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿ, ಹತ್ತು ವರ್ಷದವರೆಗೂ ಜೈಲು ಶಿಕ್ಷೆಗೆ ಅವಕಾಶ ಮಾಡಿದ್ದನ್ನು ನೀವೆಲ್ಲ ಓದಿರುತ್ತೀರಿ. ಬಾಗಿಲು ಬಡಿದು ಬೈಯುವವನ ಮೇಲೆ ಅದು ನಿಜಕ್ಕೂ ಬಲವಾದ ಅಸ್ತ್ರ. ಜಗಲಿಯ ಮೇಲೆ ಸುಮ್ಮನೆ ಕುಳಿತು ನೆರೆಯವರ ಕೈಯಿಂದಲೇ ಒತ್ತಡ ಹಾಕಿಸುವವನನ್ನು ಯಾವ ಠಾಣೆಯಲ್ಲಿ ಹೇಗೆ ವಿವರಿಸುವುದೆಂಬುದು ಚಿಕ್ಕಮ್ಮನಿಗೆ ಕಡೆಯವರೆಗೂ ತಿಳಿಯಲಿಲ್ಲ, ನನಗೂ ಅಷ್ಟೇ.

ಹಾಗಾಗಿ ಕಾರ್ಡನ್ನು ಯಾರ ಕೈಗೂ ಕೊಟ್ಟು ಕಳಿಸಬೇಡಿ. ಮೊಹರು ಬೇಕೆಂದರೆ ನೀವೇ ಬ್ರಾಂಚಿಗೆ ಹೋಗಿ. ಪೂರ್ತಿ ಸಾಲ ತೀರಿಸುವ ಹಣವನ್ನು ಬ್ರಾಂಚಿನಲ್ಲಿಯೇ ಕಟ್ಟಿ, ಸಾಧ್ಯವಿದ್ದರೆ ಬ್ಯಾಂಕ್ ಖಾತೆಯ ಮೂಲಕ, ಮತ್ತು ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೆ ಎದ್ದು ಬರಬೇಡಿ. ಪ್ರತಿ ವಾರ ಕಾರ್ಡಿನ ಫೋಟೊ ತೆಗೆದು ಮಕ್ಕಳ ಮೊಬೈಲಿಗೆ ಕಳಿಸಿಡಿ. ಸಾಲ ಮುಗಿದ ಮೇಲೆ, ನಿಮ್ಮ ಹೆಸರಿನ ಸಾಲಗಳ ಲೆಕ್ಕವಿರುವ ಕ್ರೆಡಿಟ್ ವರದಿಯನ್ನೂ ತರಿಸಿ ನೋಡಿ, ವರ್ಷಕ್ಕೊಂದು ಸಲ ಅದು ಉಚಿತ. ಚಿಕ್ಕಮ್ಮನ ವರದಿಯಲ್ಲಿ ತೀರಿದ ಸಾಲ ಬಾಕಿಯೆಂದೇ ಉಳಿದಿತ್ತು, ಅದನ್ನು ತಿದ್ದಿಸಲು ಮತ್ತೊಂದು ಅರ್ಜಿ ಹಾಕಬೇಕಾಯಿತು. ದೂರು ಕೊಟ್ಟು 30 ದಿನದೊಳಗೆ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳಬಹುದು. ಒಂಬುಡ್ಸ್‌ಮನ್ ದೂರಿನ ಬಗ್ಗೆ ವಿಚಾರಿಸಲು ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448. ಆದರೆ ಮೊದಲು ಸಂಸ್ಥೆಗೇ ಲಿಖಿತವಾಗಿ ದೂರು ಕೊಟ್ಟು ಅದರ ಸ್ವೀಕೃತಿಯನ್ನು ಇಟ್ಟುಕೊಂಡಿರಬೇಕು, ಇಲ್ಲವಾದರೆ ಅಲ್ಲಿ ದೂರನ್ನು ತೆಗೆದುಕೊಳ್ಳುವುದಿಲ್ಲ.